ಪಶ್ಚಿಮದ ಗೋಡೆಯಿಂದ ಒಳಗೆ ಬರೋ ಬಿಸಿಲ ಕಾವು: ಲೆಕ್ಕ ಹಾಕೋದು ಹೇಗೆ? (ಹಾಸನ)

ಹೇಮಾವತಿ_ನಾಲೆ
ಹಾಸನ, ಮೊದಲ ಮಹಡಿ, ಪಶ್ಚಿಮದ ಬೆಡ್‌ರೂಮ್. ಹೊರಗೋಡೆ 12 ಅಡಿ ಅಗಲ, 10 ಅಡಿ ಎತ್ತರ. ಅದರಲ್ಲಿ 4×4 ಅಡಿ ಕಿಟಕಿ, ಸಾದಾ ಗಾಜು. 6 ಇಂಚಿನ ಸಾಲಿಡ್ ಸಿಮೆಂಟ್ ಬ್ಲಾಕ್, ಎರಡೂ ಕಡೆ ಗಾರೆ, ಹೊರಗೆ ತಿಳಿ ಕಂದು ಪೇಂಟ್. ಏಪ್ರಿಲ್‌ನಲ್ಲಿ ರಾತ್ರಿ ಒಂಬತ್ತಕ್ಕೂ ಗೋಡೆ ಒಳಗಡೆಯಿಂದ ಬಿಸಿ ಇರುತ್ತೆ. ಅಂಗಡಿಯವರು 1.5 ಟನ್ ಎಸಿ ಬೇಕು ಅಂತಾರೆ. ಬಿಸಿಲು ಚದರ ಮೀಟರಿಗೆ 950 ವ್ಯಾಟ್ ಅಂತ ಒಂದು ಆ್ಯಪ್ ತೋರಿಸ್ತು, ಗೋಡೆ 11 ಚದರ ಮೀಟರ್. ಗುಣಿಸಿದರೆ 10 ಕಿಲೋವ್ಯಾಟ್, ಹತ್ತಿರ ಹತ್ತಿರ 3 ಟನ್! ಇದು ಸಾಧ್ಯವೇ ಇಲ್ಲ ಅಂತ ಗೊತ್ತು. ಸರಿಯಾದ ಲೆಕ್ಕ ಯಾವುದು?

ದಾರಿಹೋಕ
ಬಡವರ ಊಟಿಗೆ ಎಸಿ! ಕಾಲ ಎಲ್ಲಿಗೆ ಬಂತು ಗುರೂ.

ಯು_ಲೆಕ್ಕ
950 ಅನ್ನೋದು ಮಲಗಿರೋ ಮೈ ಮೇಲೆ, ಅಂದ್ರೆ ತಾರಸಿ ಮೇಲೆ, ನಡು ಮಧ್ಯಾಹ್ನ ಬೀಳೋ ಬಿಸಿಲು. ನಿಂತಿರೋ ಪಶ್ಚಿಮದ ಗೋಡೆಗೆ ಆ ಹೊತ್ತಲ್ಲಿ ನೇರ ಬಿಸಿಲೇ ಇಲ್ಲ. ಏಪ್ರಿಲ್ ಮೂರನೇ ವಾರ, ಮೋಡ ಇಲ್ಲದ ದಿನ, ಸಂಜೆ ನಾಲ್ಕೂವರೆ ಸುಮಾರಿಗೆ ಆ ಗೋಡೆ ಮೇಲೆ ಚದರ ಮೀಟರಿಗೆ ಹೆಚ್ಚುಕಮ್ಮಿ 680 ವ್ಯಾಟ್ ಇಟ್ಕೊಳ್ಳಿ. ಇದರಲ್ಲಿ ನೇರ ಬಿಸಿಲು, ಆಕಾಶದ ಬೆಳಕು, ನೆಲದಿಂದ ಪುಟಿದದ್ದು ಮೂರೂ ಸೇರಿದೆ.

ಆ 680 ಪೂರ್ತಿ ಒಳಗೆ ಬರಲ್ಲ. ತಿಳಿ ಕಂದು ಬಣ್ಣ ಅರ್ಧದಷ್ಟು ಹೀರುತ್ತೆ, ಗುಣಕ 0.5. ಹೀರಿದ್ದರಲ್ಲೂ ಬಹುಪಾಲು ಹೊರಗಿನ ಗಾಳಿಗೇ ವಾಪಸ್ ಹೋಗುತ್ತೆ. ಅದಕ್ಕೇ ಸೋಲ್ ಏರ್ ಟೆಂಪರೇಚರ್ ಅಂತ ಒಂದು ಲೆಕ್ಕದ ಉಷ್ಣಾಂಶ ಇದೆ. ಹೊರಗಿನ ಗಾಳಿಯ ಉಷ್ಣಾಂಶಕ್ಕೆ, ಹೀರಿಕೆ × ಬಿಸಿಲು ÷ ಹೊರಮೈ ಗುಣಕ, ಇಷ್ಟನ್ನ ಕೂಡಿಸಿ. ಹೊರಮೈ ಗುಣಕ ಅಂದ್ರೆ ಗೋಡೆ ಮೈಯಿಂದ ಗಾಳಿಗೆ ಕಾವು ಎಷ್ಟು ಸಲೀಸಾಗಿ ಹೋಗುತ್ತೆ ಅನ್ನೋ ಅಂಕಿ. ಬೇಸಿಗೆ ಗಾಳಿಗೆ ಅದನ್ನ 17 ಹಿಡಿದರೆ:

32.5 + (0.5 × 680 ÷ 17) = 52.5 ಡಿಗ್ರಿ.

ಅಂದ್ರೆ ಆ ಗೋಡೆಯ ಪಾಲಿಗೆ ಹೊರಗೆ 52.5 ಡಿಗ್ರಿ. ಈಗ ಗೋಡೆಯ ಯು ವ್ಯಾಲ್ಯೂ, ಅಂದ್ರೆ ಒಳಗೂ ಹೊರಗೂ ಒಂದು ಡಿಗ್ರಿ ವ್ಯತ್ಯಾಸ ಇದ್ರೆ ಚದರ ಮೀಟರಿಗೆ ಎಷ್ಟು ವ್ಯಾಟ್ ದಾಟುತ್ತೆ ಅನ್ನೋದು. ತಡೆಗಳನ್ನೆಲ್ಲ ಕೂಡಿಸಿ: ಹೊರಮೈ 0.059, ಹೊರಗಾರೆ 15 ಮಿ.ಮೀ.ಗೆ 0.021, ಬ್ಲಾಕ್ 150 ಮಿ.ಮೀ.ಗೆ 0.107, ಒಳಗಾರೆ 0.017, ಒಳಮೈ 0.12. ಒಟ್ಟು 0.324. ಒಂದನ್ನ ಇದರಿಂದ ಭಾಗಿಸಿದರೆ 3.1. ಕಿಟಕಿ ಕಳೆದು ಗೋಡೆ 9.7 ಚದರ ಮೀಟರ್. ರೂಮು 26 ಡಿಗ್ರಿ ಬೇಕಾದರೆ 3.1 × 9.7 × (52.5 − 26) = 800 ವ್ಯಾಟ್. ನಿಮ್ಮ ಹತ್ತು ಸಾವಿರ ಎಂಟುನೂರಕ್ಕೆ ಇಳೀತು. ಇದೂ ಕೊನೆಯ ಉತ್ತರ ಅಲ್ಲ.

ಹೇಮಾವತಿ_ನಾಲೆ
ಯಾಕೆ ಅಲ್ಲ ಸರ್?

ಯು_ಲೆಕ್ಕ
ಗೋಡೆ ತಕ್ಷಣ ದಾಟಿಸಲ್ಲ. ಮೊದಲು ತಾನು ಕಾಯುತ್ತೆ, ಆಮೇಲೆ ನಿಧಾನಕ್ಕೆ ಒಳಗೆ ಬಿಡುತ್ತೆ. ಏರಿಳಿತವೂ ಒಳಗೆ ಬರೋ ಹೊತ್ತಿಗೆ ತಗ್ಗಿರುತ್ತೆ. ನಿಮ್ಮ 6 ಇಂಚಿನ ಬ್ಲಾಕಿಗೆ ಸುಮಾರು 4 ಗಂಟೆ ತಡ, ತಗ್ಗುವ ಗುಣಕ 0.6 ಆಸುಪಾಸು.

ಹಾಗಾಗಿ ದಿನದ ಸರಾಸರಿ ಬೇರೆ, ಅದರ ಮೇಲಿನ ಏರು ಬೇರೆ ಮಾಡ್ಬೇಕು. ಹಾಸನದ ಏಪ್ರಿಲ್‌ಗೆ ಗಾಳಿಯ ಸರಾಸರಿ 26.5 ಹಿಡಿಯೋಣ. ಪಶ್ಚಿಮದ ಗೋಡೆ ಮೇಲೆ ಇಡೀ ದಿನಕ್ಕೆ ಚದರ ಮೀಟರಿಗೆ 3.3 ಯೂನಿಟ್ (ಕಿಲೋವ್ಯಾಟ್ ಅವರ್) ಬಿಸಿಲು, 24 ಗಂಟೆಗೆ ಹಂಚಿದರೆ 137 ವ್ಯಾಟ್. ಸೋಲ್ ಏರ್ ಸರಾಸರಿ 26.5 + 4 = 30.5. ಈಗ

3.1 × 9.7 × [(30.5 − 26) + 0.6 × (52.5 − 30.5)] = 530 ವ್ಯಾಟ್.

ಇದು ಬರೋದು ನಾಲ್ಕೂವರೆಗಲ್ಲ, ರಾತ್ರಿ ಎಂಟೂವರೆಗೆ. ಒಂಬತ್ತಕ್ಕೆ ಗೋಡೆ ಬಿಸಿ ಅಂದ್ರಲ್ಲ, ಅದು ಇದೇ.

ಗಾರೆ_ಕೆಲ್ಸ
ಇದೇ ಗೋಡೆ 9 ಇಂಚಿನ ಇಟ್ಟಿಗೆ ಆಗಿದ್ರೆ?

ಯು_ಲೆಕ್ಕ
ಯು 2.1, ತಡ 7 ಗಂಟೆ, ಗುಣಕ 0.42 ಹಿಡಿದರೆ 280 ವ್ಯಾಟ್, ರಾತ್ರಿ ಹನ್ನೊಂದೂವರೆಗೆ. 8 ಇಂಚಿನ ಎಎಸಿ (ಒಳಗೆ ಗಾಳಿಗುಳ್ಳೆ ಇರೋ ಹಗುರ ಸಿಮೆಂಟ್) ಬ್ಲಾಕ್ ಆದ್ರೆ ಯು 0.8ರ ಒಳಗೇ ಇರುತ್ತೆ, ಸುಮಾರು 100 ವ್ಯಾಟ್.

ಬ್ಲಾಕ್_ಬಾಂಡ್
ಗುಣಕದ ಬಗ್ಗೆ ಒಂದು ತಕರಾರು. ಭಾರತೀಯ ಮಾನಕ ಸಂಸ್ಥೆ ಬಿಐಎಸ್‌ನ ಎಸ್‌ಪಿ 41 ಕೈಪಿಡಿ ಹೊರಮೈಗೆ 19.86, ಒಳಮೈಗೆ 9.36 ಹಿಡಿಯುತ್ತೆ. ನೀವು 17 ಹಿಡಿದಿದ್ದು ಅಮೆರಿಕದ ಎಸಿ ಎಂಜಿನಿಯರುಗಳ ಸಂಘ ಆಶ್ರೇ ಕಡೆಯದು. ಒಂದೇ ಲೆಕ್ಕದಲ್ಲಿ ಎರಡನ್ನೂ ಬೆರೆಸಬಾರದು. 19.86 ಹಾಕಿದರೆ ಸೋಲ್ ಏರ್ 52.5 ಅಲ್ಲ, 49.6 ಬರುತ್ತೆ.

ಯು_ಲೆಕ್ಕ
ಬೆರೆಸಿಲ್ಲ, ಯು ವ್ಯಾಲ್ಯೂನಲ್ಲೂ 17 ಮತ್ತು 8.3 ಇಟ್ಟಿದ್ದೀನಿ. 1 ÷ 17 = 0.059 ನೋಡಿ. ಗಾಳಿ ಕಮ್ಮಿ ಇರೋ ಒತ್ತೊತ್ತು ಸೈಟಿನಲ್ಲಿ 17 ಕೂಡ ಜಾಸ್ತಿನೇ.

ಬ್ಲಾಕ್_ಬಾಂಡ್
ಸರಿ, ಆದ್ರೆ ಓದೋರು ಒಂದು ಪುಸ್ತಕದ ಯು, ಇನ್ನೊಂದು ಪುಸ್ತಕದ ಸೋಲ್ ಏರ್ ಸೇರಿಸ್ತಾರೆ ಅಂತ ಹೇಳ್ದೆ. ಇನ್ನೊಂದು ಎಡವಟ್ಟು ಸಿಎಲ್‌ಟಿಡಿ ಕೋಷ್ಟಕದ್ದು, ಅಂದ್ರೆ ಬಿಸಿಲು, ತಡ ಎಲ್ಲ ಸೇರಿಸಿ ಗೋಡೆಗೆ ಗಂಟೆವಾರು ಉಷ್ಣಾಂಶ ವ್ಯತ್ಯಾಸ ಸಿದ್ಧವಾಗಿ ಕೊಡೋ ಕೋಷ್ಟಕ. ಕಾಲೇಜಿನಲ್ಲಿ ಎಲ್ಲರೂ ಅದನ್ನೇ ಕಲಿತಿರೋದು. ಅದು ಮಾಡಿರೋದು 40 ಡಿಗ್ರಿ ಉತ್ತರ ಅಕ್ಷಾಂಶಕ್ಕೆ, ಜುಲೈ 21ಕ್ಕೆ. ಹಾಸನ 13 ಡಿಗ್ರಿ. ಅಕ್ಷಾಂಶ-ತಿಂಗಳಿನ ತಿದ್ದುಪಡಿ, ಜತೆಗೆ (25.5 − ರೂಮಿನ ಉಷ್ಣಾಂಶ) + (ಹೊರಗಿನ ಸರಾಸರಿ − 29.4), ಇಷ್ಟನ್ನೂ ಹಾಕದೆ ಕೋಷ್ಟಕದ ಅಂಕಿ ನೇರ ಎತ್ತಿದರೆ ದಕ್ಷಿಣದ ಗೋಡೆಗೆ ಇಲ್ಲದ ಬಿಸಿಲು ಬರುತ್ತೆ.

ನೈಋತ್ಯ
ಇಲ್ಲದ ಬಿಸಿಲು ಯಾಕೆ? ದಕ್ಷಿಣದ ಗೋಡೆಗೇ ಹೆಚ್ಚು ಬಿಸಿಲು ಅಂತ ಎಲ್ಲ ಕಡೆ ಬರ್ದಿದಾರೆ.

ಕಾಫಿ_ನೆರಳು
ದೆಹಲಿಯೋರು ಬರೆದದ್ದು ಇರಬೇಕು ಮಾರಾಯ್ರೆ. ನಮ್ಮಲ್ಲಿ ಏಪ್ರಿಲ್ 24ರ ಹೊತ್ತಿಗೆ ಸೂರ್ಯ ನಡು ನೆತ್ತಿಗೆ ಬರ್ತಾನೆ. ಅಲ್ಲಿಂದ ಆಗಸ್ಟ್ 18ರ ತನಕ ಮಧ್ಯಾಹ್ನದ ಸೂರ್ಯ ನಿಮ್ಮ ಮನೆಯ ಉತ್ತರಕ್ಕೆ ಇರ್ತಾನೆ. ದಕ್ಷಿಣದ ಗೋಡೆಗೆ ಜೋರು ಬಿಸಿಲು ಬೀಳೋದು ಡಿಸೆಂಬರ್‌ನಲ್ಲಿ, ಆಗ ಅದು ಹಿತ. ಅಂಥ ಮಧ್ಯಾಹ್ನ ಸೂರ್ಯನ ಎತ್ತರ 53 ಡಿಗ್ರಿ ದಾಟಿರುತ್ತೆ, 2 ಅಡಿ ಸಜ್ಜಾ ಇದ್ರೆ ಕಿಟಕಿಯ ಮೇಲಿನ ಎರಡೂಮುಕ್ಕಾಲು ಅಡಿಗೆ ನೆರಳು.

ಪಶ್ಚಿಮಕ್ಕೆ ಆ ಸಜ್ಜಾ ದಂಡ. ನಾಲ್ಕಕ್ಕೆ ಸೂರ್ಯ 31 ಡಿಗ್ರಿ ಎತ್ತರದಲ್ಲಿ ಇರ್ತಾನೆ, 2 ಅಡಿ ಸಜ್ಜಾದ ನೆರಳು ಕೆಳಗೆ ಒಂದೂಕಾಲು ಅಡಿ ಅಷ್ಟೇ. ಐದಕ್ಕೆ ಅರ್ಧ ಅಡಿ ಚಿಲ್ಲರೆ.

ಬ್ಲಾಕ್_ಬಾಂಡ್
ನಾಲ್ಕು ಅಂದ್ರೆ ಸೂರ್ಯನ ನಾಲ್ಕು, ಗಡಿಯಾರದ್ದಲ್ಲ. ನಮ್ಮ ಗಡಿಯಾರ 82.5 ಡಿಗ್ರಿ ರೇಖಾಂಶದ್ದು, ಹಾಸನ 76.1ರಲ್ಲಿದೆ. ಡಿಗ್ರಿಗೆ 4 ನಿಮಿಷ, ಹತ್ತಿರ ಹತ್ತಿರ 25 ನಿಮಿಷ ಹಿಂದೆ. ಸೂರ್ಯನ ನಾಲ್ಕು ನಮಗೆ 4:25.

ದಾರಿಹೋಕ
25 ನಿಮಿಷಕ್ಕೆ ಇಷ್ಟೊಂದು ಗಲಾಟೆನಾ?

ಬ್ಲಾಕ್_ಬಾಂಡ್
ಸಂಜೆ ಹೊತ್ತು ಗಂಟೆಗೆ 14-15 ಡಿಗ್ರಿ ಇಳಿಯುತ್ತಾನೆ. 25 ನಿಮಿಷಕ್ಕೆ 6 ಡಿಗ್ರಿ. ಸಜ್ಜಾ ಲೆಕ್ಕ ಪೂರ್ತಿ ಹಾಳು.

ನೈಋತ್ಯ
ಮಾಸ್ಟರ್ ಬೆಡ್‌ರೂಮ್ ನೈಋತ್ಯದಲ್ಲೇ ಇರಬೇಕು ಅಂತ ವಾಸ್ತು ಹೇಳುತ್ತಲ್ಲ, ಅದಕ್ಕೇನಂತೀರಿ? ಹಳೇ ಕಾಲದವರು ಸುಮ್ನೆ ಹೇಳ್ತಾರಾ?

ಸೂರು_ಜಗಲಿ
ಹಳೇ ಕಾಲದವರು ನೈಋತ್ಯದ ಕೋಣೆಗೆ ಒಂದೂವರೆ ಅಡಿ ದಪ್ಪದ ಮಣ್ಣಿನ ಗೋಡೆ ಕಟ್ಟಿ, ಅದರಾಚೆ ಜಗಲಿ ಬಿಟ್ಟು, ಸೂರನ್ನ ಎದೆಮಟ್ಟಕ್ಕೆ ಇಳಿಸ್ತಿದ್ರು. ಚಿಕ್ಕಮಗಳೂರು ಕಡೆ ತೋಟದ ಹಳೇ ಮನೆಗಳನ್ನ ನೋಡಿ, ಗೋಡೆಗೆ ಬಿಸಿಲೂ ತಾಗಲ್ಲ, ಇರ್ಚಲೂ ತಾಗಲ್ಲ. ಸೂರು ಬಿಟ್ಟು, ದಪ್ಪ ಬಿಟ್ಟು, ದಿಕ್ಕು ಮಾತ್ರ ಇಟ್ಕೊಂಡು 6 ಇಂಚಿನ ಬ್ಲಾಕ್ ಕಟ್ಟಿದರೆ ವಾಸ್ತುಪುರುಷನಿಗೂ ಸೆಕೆಯೇ.

ನೈಋತ್ಯ
😀 ಆಯ್ತು ಬಿಡಿ.

ಟನ್_ಟನ್
ಎಲ್ಲರೂ ಗೋಡೆ ಹಿಡ್ಕೊಂಡಿದ್ದೀರಿ, ಕಿಟಕಿನ ಯಾರೂ ಎಣಿಸಲಿಲ್ಲ. 4×4 ಅಂದ್ರೆ 1.49 ಚದರ ಮೀಟರ್, ಫ್ರೇಮ್ ಕಳೆದು ಗಾಜು 1.2. ಸಾದಾ ಗಾಜು ನೂರಕ್ಕೆ ಎಂಬತ್ತು ಭಾಗ ಒಳಗೆ ಬಿಡುತ್ತೆ. 1.2 × 680 × 0.8 = 650 ವ್ಯಾಟ್. ಗಾಜಿನ ಮೂಲಕ ಹರಿಯೋ ಕಾವು 55 ಸೇರಿಸಿ. ಒಟ್ಟು 700. ಗೋಡೆಯ ಆರನೇ ಒಂದು ಪಾಲೂ ಇಲ್ಲದ ಕಿಟಕಿ ಗೋಡೆಗಿಂತ ಜಾಸ್ತಿ ತರುತ್ತೆ, ಅದೂ ತಡ ಇಲ್ಲದೆ, ಅದೇ ಹೊತ್ತಿಗೆ.

ಈಗ ಮುಖ್ಯ ಪ್ರಶ್ನೆ: ಮೇಲೆ ಇನ್ನೊಂದು ಮಹಡಿ ಇದೆಯಾ, ಬರೀ ತಾರಸಿನಾ?

ಹೇಮಾವತಿ_ನಾಲೆ
ಬರೀ ತಾರಸಿ. 5 ಇಂಚಿನ ಆರ್‌ಸಿಸಿ, ಮೇಲೆ ಏನೂ ಹಾಕಿಲ್ಲ, ಸಿಮೆಂಟ್ ಕಪ್ಪಾಗಿದೆ. ರೂಮು 12×12.

ಟನ್_ಟನ್
ಹಾಗಾದ್ರೆ ಗೋಡೆ ಮೂರನೇ ಸ್ಥಾನಕ್ಕೆ ಹೋಯ್ತು.

ಯು_ಲೆಕ್ಕ
ತಾರಸಿ ಲೆಕ್ಕ ಇಲ್ಲಿದೆ. ಯು 3.2, ಮೈ 13.4 ಚದರ ಮೀಟರ್. ಹಳೇ ಸಿಮೆಂಟಿನ ಹೀರಿಕೆ 0.65. ಮಧ್ಯಾಹ್ನ 31 + (0.65 × 950 ÷ 17) = 67. ತಾರಸಿ ನೇರ ಆಕಾಶ ನೋಡೋದ್ರಿಂದ 4 ಡಿಗ್ರಿ ಕಳೀಬೇಕು, 63. ನಿಂತ ಗೋಡೆಗೆ ಈ ಕಳೆಯೋದು ಇಲ್ಲ, ಎಷ್ಟೋ ಜನ ಅಲ್ಲೂ ಕಳೀತಾರೆ. ದಿನಕ್ಕೆ 6.3 ಯೂನಿಟ್ ಬಿಸಿಲು ಹಿಡಿದರೆ ಸರಾಸರಿ 32.5. ಗುಣಕ 0.6, ತಡ 4 ಗಂಟೆಯ ಸುಮಾರು. ಉತ್ತರ 1060 ವ್ಯಾಟ್, ಸಂಜೆ ಐದರ ಆಸುಪಾಸು.

ಅದೇ ತಾರಸಿಗೆ ಬಿಳಿ ಕೂಲ್ ರೂಫ್ ಪೇಂಟ್ ಹೊಡೆದು ಹೀರಿಕೆ 0.25ಕ್ಕೆ ಇಳಿಸಿದರೆ 390 ವ್ಯಾಟ್. ಹೀಗೆ ಉಳಿತಾಯ ಆಗೋ 670 ವ್ಯಾಟ್ ನಿಮ್ಮ ಪಶ್ಚಿಮದ ಗೋಡೆಯ ಒಟ್ಟು ಕಾವಿಗಿಂತ ಹೆಚ್ಚು.

ಹೇಮಾವತಿ_ನಾಲೆ
ಅಂದ್ರೆ ಗೋಡೆಗೆ ಏನೂ ಮಾಡೋದೇ ಬೇಡ್ವಾ?

ಯು_ಲೆಕ್ಕ
ಗೋಡೆಗೂ ಬಿಳಿ ಹೊಡೆಯಿರಿ. 0.5ರಿಂದ 0.25ಕ್ಕೆ ಬಂದರೆ 530 ಹೋಗಿ 330 ಆಗುತ್ತೆ. ಹೇಗಿದ್ರೂ ಪೇಂಟ್ ಹೊಡೆಸ್ತೀರಿ, ಬಣ್ಣ ಬದಲಾಯಿಸೋಕೆ ಹೆಚ್ಚು ದುಡ್ಡಿಲ್ಲ. ಗಾಢ ಕಂದು, ಗಾಢ ಬೂದು ಮಾತ್ರ ಬೇಡ, ಅವು 0.8 ಹೀರುತ್ತವೆ. ಸೋಲ್ ಏರ್ 64 ದಾಟುತ್ತೆ. ಈಗಿನ ಎಲಿವೇಶನ್ ಫ್ಯಾಷನ್ ಎಲ್ಲ ಬೂದುಬಣ್ಣವೇ, ಅದೂ ಪಶ್ಚಿಮಕ್ಕೇ.

ಗಾರೆ_ಕೆಲ್ಸ
ಬಿಳಿ ಅಂದ್ರೆ ಬಿಳಿಯಾಗೇ ಇರಲ್ಲ ಸಾರ್. ಕೆಂಪು ದೂಳು, ಮಳೆಗಾಲದ ಪಾಚಿ. ಸಕಲೇಶಪುರ ಕಡೆ ಒಂದೇ ಮಳೆಗಾಲಕ್ಕೆ ಪಶ್ಚಿಮದ ಗೋಡೆ ಹಸಿರು. ಲೆಕ್ಕಕ್ಕೆ 0.25 ಹಾಕ್ಬೇಡಿ, 0.4 ಹಾಕಿ. ಬೇಸಿಗೆಗೆ ಮುಂಚೆ ಫೆಬ್ರವರಿಯಲ್ಲಿ ತಾರಸಿ ತೊಳೀರಿ. ಪೇಂಟಿಗೆ ಮೊದಲು ಬಿರುಕು ತುಂಬಿ, ವೈರ್ ಬ್ರಷ್‌ನಲ್ಲಿ ಉಜ್ಜಿ, ತೊಳೆದು, ಪೂರ್ತಿ ಒಣಗಿಸಿ. ಹಸಿ ಮೇಲೆ ಹೊಡೆದ್ರೆ ಗುಳ್ಳೆ ಎದ್ದು ಸಿಪ್ಪೆ ಹಂಗೆ ಬರುತ್ತೆ. ಎರಡು ಕೋಟ್, ಒಂದಕ್ಕೊಂದು ಅಡ್ಡ.

ಸೂರು_ಜಗಲಿ
ಪಶ್ಚಿಮದ ಗೋಡೆಗೆ ಬಿಸಿಲಷ್ಟೇ ಶತ್ರು ಅಲ್ಲ. ಮುಂಗಾರು ಮಳೆ ಹೊಡೆಯೋದೂ ನೈಋತ್ಯದಿಂದಲೇ. ಒದ್ದೆಯಾದ ಬ್ಲಾಕ್ ಒಣ ಬ್ಲಾಕಿಗಿಂತ ಬೇಗ ಕಾವು ದಾಟಿಸುತ್ತೆ, ಕೋಷ್ಟಕದ ಯು ವ್ಯಾಲ್ಯೂ ಒಣ ಗೋಡೆಯದು. ಹೊರಗೆ ಥರ್ಮಾಕೋಲ್ ಹಲಗೆ ಅಂಟಿಸೋರು ಇದನ್ನ ಮೊದಲು ನೋಡ್ಬೇಕು. ಹಿಂದೆ ನೀರು ಸೇರಿದರೆ ಆಚೆ ಹೋಗೋ ದಾರಿ ಇಲ್ಲ. ಇರುವೆ ಗೂಡು ಬೇರೆ.

ಬ್ಲಾಕ್_ಬಾಂಡ್
50 ಮಿ.ಮೀ. ಥರ್ಮಾಕೋಲ್ ಹಾಕಿದರೆ ಯು 3.1ರಿಂದ 0.57ಕ್ಕೆ ಬರುತ್ತೆ, ಅದು ನಿಜ. ಮಳೆ ಸೀಮೆಯಲ್ಲಿ ನನ್ನ ಆಯ್ಕೆ ಬೇರೆ. ಗೋಡೆಯಿಂದ 2 ಇಂಚು ಆಚೆ ಉದ್ದುದ್ದ (ಮೇಲಿಂದ ಕೆಳಕ್ಕೆ) ರೀಪರ್ ಪಟ್ಟಿ ಕೊಟ್ಟು ಸಿಮೆಂಟ್ ಶೀಟ್ ಹೊದಿಸಿ, ಮೇಲೂ ಕೆಳಗೂ ಗಾಳಿಗೆ ಬಿಡಿ, ಇಲಿ ನುಗ್ಗದ ಹಾಗೆ ಜಾಲರಿ ಹಾಕಿ. ಬಿಸಿಲು ಶೀಟಿಗೆ ಬೀಳುತ್ತೆ, ನಡುವಿನ ಬಿಸಿ ಗಾಳಿ ಮೇಲೆ ಹೋಗುತ್ತೆ, ಮಳೆ ನೀರು ಶೀಟ್ ಮೇಲೇ ಇಳಿಯುತ್ತೆ. ರೀಪರ್ ಅಡ್ಡಡ್ಡ ಹೊಡೆದರೆ ಗಾಳಿ ಅಲ್ಲೇ ಸಿಕ್ಕಿಕೊಳ್ಳುತ್ತೆ, ಮೇಸ್ತ್ರಿಗೆ ಇದನ್ನ ಎರಡು ಸಲ ಹೇಳಿ.

ಹೊಸದಾಗಿ ಕಟ್ಟೋರಿಗೆ ಎಎಸಿ ಒಳ್ಳೇದು. ಆದರೆ ಪಿಲ್ಲರ್ ಮತ್ತು ಬ್ಲಾಕ್ ಸೇರೋ ಕಡೆ ಗಾರೆಗೆ ಮುಂಚೆ ಜಾಲರಿ ಕಡ್ಡಾಯ. ಜಾಯಿಂಟಿಗೆ ಅಂಟು ಗಾರೆ 3 ಮಿ.ಮೀ. ಸಾಕು. ಮಾಮೂಲಿ ಸಿಮೆಂಟ್ ಮರಳು ಅರ್ಧ ಇಂಚು ತುಂಬಿದರೆ ಜಾಯಿಂಟಿನಲ್ಲೇ ಕಾವು ದಾಟುತ್ತೆ, 0.8 ಇದ್ದದ್ದು 1ಕ್ಕೆ ಹೋಗುತ್ತೆ. ಇಟ್ಟಿಗೆಯೇ ಬೇಕು ಅನ್ನೋರು ರ‍್ಯಾಟ್ ಟ್ರ್ಯಾಪ್ ಬಾಂಡ್ ಕಟ್ಟಿಸಲಿ, ಅದೇ 9 ಇಂಚಿನಲ್ಲಿ ನಡುವೆ ಗಾಳಿ ಸಂದು, ಇಟ್ಟಿಗೆಯೂ ಕಾಲು ಭಾಗ ಉಳಿಯುತ್ತೆ.

ಕಾಫಿ_ನೆರಳು
ಕಿಟಕಿಗೆ ಕಾಫಿ ನರ್ಸರಿಯ ಶೇಡ್ ನೆಟ್ ಕಟ್ಟಿ ಸ್ವಾಮಿ. 75 ಪರ್ಸೆಂಟಿನದ್ದು, ಗಾಜಿನಿಂದ ಒಂದು ಅಡಿ ಆಚೆ, ಸಜ್ಜಾದ ಅಂಚಿನಿಂದ ಇಳಿಬಿಟ್ಟು. ಗಾಜಿಗೆ ಅಂಟಿಸಿದ ಹಾಗೆ ಕಟ್ಟಿದರೆ ನೆಟ್ ಕಾದು ಆ ಬಿಸಿ ಗಾಜಿಗೇ ಬರುತ್ತೆ. ಒಳಗಿನ ಕರ್ಟನ್ ನಂಬ್ಕೋಬೇಡಿ, ಬಿಸಿಲು ಗಾಜು ದಾಟಿ ಆಗಿರುತ್ತೆ.

ದಾರಿಹೋಕ
ತಾರಸಿ ಮೇಲೆ ಶೀಟ್ ಹಾಕಿಸಿದ್ರೆ ಬಿಳಿ ಪೇಂಟೂ ಬೇಡ, ಬಟ್ಟೆನೂ ಒಣಗಿಸ್ಬಹುದು.

ಗಾರೆ_ಕೆಲ್ಸ
ನಾಲ್ಕೂ ಕಡೆ ತೆರೆದಿದ್ರೆ ಒಳ್ಳೇದು. ಪಕ್ಕ ಎಲ್ಲ ಮುಚ್ಚಿ ರೂಮ್ ಮಾಡ್ಕೊಂಡ್ರೆ ಶೀಟಿನ ಕೆಳಗೆ ಬಿಸಿ ಗಾಳಿ ನಿಂತು ತಾರಸಿ ಕಾಯುತ್ತೆ. ಪಶ್ಚಿಮಕ್ಕೆ ಶೀಟ್ 3 ಅಡಿ ಚಾಚಿಸಿದ್ರೂ ಮೊದಲ ಮಹಡಿ ಗೋಡೆಗೆ ಉಪಯೋಗ ಕಮ್ಮಿ, ಸಜ್ಜಾ ಕಥೆನೇ. ಆಷಾಢದ ಗಾಳಿಗೆ ಜೆ ಹುಕ್ ಬಿಗಿ ಇರ್ಲಿ.

ನೈಋತ್ಯ
ಈಕೋ ನಿವಾಸ್ ಸಂಹಿತಾ ಅಂತ ಸರ್ಕಾರದ್ದೇ ಒಂದು ಸೂತ್ರ ಇದೆಯಲ್ಲ, ಆರ್‌ಇಟಿವಿ. ಅದನ್ನ ಹಾಕಿದ್ರೆ ಮುಗೀತಲ್ಲ?

ಬ್ಲಾಕ್_ಬಾಂಡ್
ಅದು ಇಂಧನ ಉಳಿತಾಯದ ಕೇಂದ್ರ ಸಂಸ್ಥೆ ಬಿಇಇ 2018ರಲ್ಲಿ ತಂದ ಸಂಹಿತೆ. ಬೇರೆ ಕೆಲಸಕ್ಕೆ ಇರೋದು. ಆರ್‌ಇಟಿವಿ ಅಂದ್ರೆ ತಾರಸಿ ಬಿಟ್ಟು ಕಟ್ಟಡದ ಹೊರಮೈಯಿಂದ ಬರೋ ಕಾವಿನ ಸರಾಸರಿ, ಚದರ ಮೀಟರಿಗೆ 15 ವ್ಯಾಟ್ ಮೀರಬಾರದು. ಬೆಂಗಳೂರಿನಂಥ ಟೆಂಪರೇಟ್ ವಲಯಕ್ಕೆ ಗೋಡೆಯ ಗುಣಕ 3.38, ಗಾಜಿನ ಬಿಸಿಲಿಗೆ 63.69. ದಿಕ್ಕಿನ ಗುಣಕ ಪಶ್ಚಿಮಕ್ಕೆ 1.16 ಹತ್ತಿರ, ಉತ್ತರಕ್ಕೆ 0.66. ಈ ಗೋಡೆ ಒಂದಕ್ಕೇ ಹಾಕಿ ನೋಡಿದರೆ 18.5 ಬರುತ್ತೆ. ಮನೆಯ ನಾಲ್ಕೂ ಗೋಡೆ ಸೇರಿಸಿದರೆ ಇಳಿಯಬಹುದು. ಎಸಿ ಟನ್ ಲೆಕ್ಕಕ್ಕೆ ಇದನ್ನ ಬಳಸೋ ಹಾಗಿಲ್ಲ, ಇದರಲ್ಲಿ ಗಂಟೆ ಅನ್ನೋದೇ ಇಲ್ಲ.

ಹೇಮಾವತಿ_ನಾಲೆ
ಬಿಸಿಲಿನ ಅಂಕಿ ಎಲ್ಲಿಂದ ತಗೊಳ್ಳಿ? ಪೂರ್ವದ ಗೋಡೆಗೂ ಹಾಕಬೇಕು.

ಯು_ಲೆಕ್ಕ
ಪಿವಿಜಿಐಎಸ್ ಅಂತ ಯುರೋಪಿಯನ್ ಕಮಿಷನ್‌ನ ಉಚಿತ ತಾಣ ಇದೆ. ಸೋಲಾರ್ ಪ್ಯಾನೆಲ್‌ನವರಿಗೆ ಮಾಡಿದ್ದು, ಗೋಡೆಗೂ ನಡೆಯುತ್ತೆ. ಇಳಿಜಾರು 90 ಕೊಡಿ. ದಿಕ್ಕು ಅವರ ರೂಢಿಯಲ್ಲಿ ದಕ್ಷಿಣ 0, ಪಶ್ಚಿಮ 90, ಪೂರ್ವ −90. ದಿಕ್ಸೂಚಿಯ ಹಾಗೆ ಪಶ್ಚಿಮಕ್ಕೆ 270 ಹಾಕ್ಬೇಡಿ. ಗಂಟೆವಾರು ಅಂಕಿಯ ಸಮಯ ಯುಟಿಸಿ (ಗ್ರೀನಿಚ್ ಸಮಯ), ಐದೂವರೆ ಗಂಟೆ ಸೇರಿಸಿ. ಸೇರಿಸದೆ ಓದಿದರೆ ಸಂಜೆಯ ಬಿಸಿಲು ಬೆಳಿಗ್ಗೆ ಹತ್ತೂವರೆ ಹನ್ನೊಂದಕ್ಕೆ ಕಾಣುತ್ತೆ.

ಟನ್_ಟನ್
ಲೆಕ್ಕ ಸರಿ ಬಂತಾ ಅಂತ ನೋಡೋಕೆ ಐಆರ್ ಗನ್ (ಮುಟ್ಟದೆ ಮೈ ಬಿಸಿ ಅಳೆಯೋ ಥರ್ಮಾಮೀಟರ್) ಸಾಕು. ರಾತ್ರಿ ಒಂಬತ್ತಕ್ಕೆ ಫ್ಯಾನ್ ಆಫ್ ಮಾಡಿ, ಒಳಗೋಡೆಯ ಮೈ ಎಷ್ಟು, ರೂಮಿನ ಗಾಳಿ ಎಷ್ಟು ನೋಡಿ. ಗೋಡೆ 34, ಗಾಳಿ 29 ಇದ್ರೆ ವ್ಯತ್ಯಾಸ 5ನ್ನ 8.3ರಿಂದ ಗುಣಿಸಿ, ಚದರ ಮೀಟರಿಗೆ 41 ವ್ಯಾಟ್. ಗನ್ನಲ್ಲಿ ಎಮಿಸಿವಿಟಿ (ಮೈ ಎಷ್ಟು ಕಾವು ಸೂಸುತ್ತೆ ಅನ್ನೋ ಗುಣಕ) 0.95 ಇಡಿ. ಗಾಳಿಯ ಉಷ್ಣಾಂಶವನ್ನ ಗನ್ನಿಂದ ಅಳೆಯೋಕಾಗಲ್ಲ, ಬೇರೆ ಥರ್ಮಾಮೀಟರ್ ಬೇಕು. ಅಲ್ಯುಮಿನಿಯಂ ಫ್ರೇಮಿಗೆ ಈ 0.95 ಹೊಂದಲ್ಲ, ಅದಕ್ಕೆ ಹಿಡಿದು ಕಿಟಕಿ ತಣ್ಣಗಿದೆ ಅನ್ನೋರೂ ಇದ್ದಾರೆ.

ಎಸಿ ವಿಷಯ. ತಾರಸಿ 1060, ಕಿಟಕಿ 700, ಗೋಡೆ 530 ಅಂತ ಸುಮ್ನೆ ಕೂಡಿಸಬಾರದು. ಒಂದು ಐದಕ್ಕೆ, ಒಂದು ನಾಲ್ಕೂವರೆಗೆ, ಇನ್ನೊಂದು ಎಂಟೂವರೆಗೆ. ನೀವು ಮಲಗೋ ಹೊತ್ತಿಗೆ ಕಿಟಕಿಯದು ಸೊನ್ನೆ, ತಾರಸಿಯದು ಇಳಿಮುಖ. ಕೂಡಿಸಿದರೂ 2.3 ಕಿಲೋವ್ಯಾಟ್, 1 ಟನ್ ಅಂದ್ರೆ 3.5 ಕಿಲೋವ್ಯಾಟ್. ಇಬ್ಬರು ಮಲಗಿ, ಬಾಗಿಲ ಸಂದಿನ ಗಾಳಿ ಸೇರಿದರೂ 1 ಟನ್ ಧಾರಾಳ.

ಸೂರು_ಜಗಲಿ
ಎಸಿಗೆ ಮುಂಚೆ ರಾತ್ರಿ ಗಾಳಿ ಲೆಕ್ಕ ಹಾಕಿ. ರೂಮು 40 ಘನ ಮೀಟರ್. ಗಂಟೆಗೆ ಹತ್ತು ಸಲ ಗಾಳಿ ಬದಲಾದರೆ, ಹೊರಗೆ 4 ಡಿಗ್ರಿ ತಣ್ಣಗಿದ್ದರೆ, ಹಾಸನದ ಎತ್ತರದ ತೆಳು ಗಾಳಿಗೂ 490 ವ್ಯಾಟ್ ಆಚೆ ಹೋಗುತ್ತೆ. ನಿಮ್ಮ ಗೋಡೆ ತರೋದರ ಹತ್ತಿರ ಹತ್ತಿರ. ಒಂದು ಎಕ್ಸಾಸ್ಟ್ ಫ್ಯಾನ್, ಕಿಟಕಿಗೆ ಸೊಳ್ಳೆ ಜಾಲರಿ. ಹಗಲು ಎಲ್ಲ ಮುಚ್ಚಿ, ಹೊರಗಿನ ಗಾಳಿ ಒಳಗಿಗಿಂತ ತಣ್ಣಗಾದ ಮೇಲೆ ತೆರೀರಿ. ಮಧ್ಯಾಹ್ನ ಮೂರಕ್ಕೆ ಗಾಳಿ ಆಡಲಿ ಅಂತ ತೆರೆದರೆ ಬಿಸಿ ಗಾಳಿನೇ ಬರೋದು.

ಟನ್_ಟನ್
ಒಪ್ಪಿದೆ. ಮಂಗಳೂರಲ್ಲಿ ಈ ಮಾತು ನಡೆಯಲ್ಲ, ಹಾಸನದಲ್ಲಿ ನಡೆಯುತ್ತೆ.

ಹೇಮಾವತಿ_ನಾಲೆ
ಮೊದಲು ತಾರಸಿಗೆ ಬಿಳಿ, ಕಿಟಕಿಗೆ ನೆಟ್, ಎಕ್ಸಾಸ್ಟ್. ಗೋಡೆ ಪೇಂಟ್ ದೀಪಾವಳಿಗೆ. ಎಸಿ ಬೇಕೇ ಬೇಕು ಅನ್ನಿಸಿದ್ರೆ 1 ಟನ್. ಹೊರಗಿನ ಯೂನಿಟ್‌ಗೆ ಪಶ್ಚಿಮದ ಗೋಡೆಯಲ್ಲೇ ಪಾಯಿಂಟ್ ಬಿಟ್ಟಿದ್ದಾರೆ, ನಡೆಯುತ್ತಾ?

ಟನ್_ಟನ್
ಬೇಡ. ಉತ್ತರಕ್ಕೆ ತಿರುಗಿಸಿ, ಪೈಪ್ ಎರಡು ಮೀಟರ್ ಉದ್ದ ಆದ್ರೂ ಪರವಾಗಿಲ್ಲ. ಹಿಂದೆ ಒಂದು ಅಡಿ ಜಾಗ ಇರಲಿ, ಮುಂದೆ ಏನೂ ಅಡ್ಡ ಬರಬಾರದು. ತಾರಸಿ ಮೇಲೆ ಇಡೋದಾದ್ರೆ ಬಿಳಿ ಪೇಂಟ್ ಹೊಡೆಯೋಕೆ ಮುಂಚೆನೇ ಸ್ಟ್ಯಾಂಡ್ ಕೂರಿಸಿ, ಆಮೇಲೆ ಡ್ರಿಲ್ ಮಾಡಿದ್ರೆ ಅಲ್ಲೇ ಸೋರೋದು.

ದಾರಿಹೋಕ
ನೆಟ್ ಹಸಿರು ತರ್ಲಾ ಬಿಳಿ ತರ್ಲಾ?

ಕಾಫಿ_ನೆರಳು
ನಿಮ್ಮನೇಗೂ ಪಶ್ಚಿಮದ ಕಿಟಕಿ ಇದೆಯಾ ಹಂಗಾದ್ರೆ! ಬಿಳಿ ಸಿಕ್ಕಿದ್ರೆ ಬಿಳಿ, ಕಮ್ಮಿ ಕಾಯುತ್ತೆ. ಹಸಿರು ಆದ್ರೂ ನಡೆಯುತ್ತೆ, ಒಂದು ಅಡಿ ದೂರ ಮಾತ್ರ ಬಿಡ್ಬೇಡಿ.